ತೂಕ ತಪ್ಪಿದ ಹಲಗೆ

ಹೆಂಡತಿ ಹಿಂದಿನಿಂದ ತಳ್ಳಿದರೆ ನೀವು ಮೊದಲು ಯಾವ ಕಾಲು ಮುಂದಿಡುತ್ತೀರಿ? ಎಡಗಾಲಾದರೆ ನೀವು ರೆಗ್ಯುಲರ್, ಬಲಗಾಲಾದರೆ ಗೂಫಿ. ಹಿಮದ ಮೇಲೆ ನಿಂತು ಜಾರುವ ಹಲಗೆ, ಅಂದರೆ ಸ್ನೋಬೋರ್ಡಿನ ಮೇಲೆ ಯಾವ ಕಾಲು ಮುಂದಿರಬೇಕೆಂದು ತಿಳಿಯಲು ಬಹಳ ಜನ ಮಾಡಿಕೊಳ್ಳುವ ಪರೀಕ್ಷೆ ಇದು. ಮೂರು ಚಳಿಗಾಲ ಬಾಡಿಗೆ ಬೋರ್ಡಿನ ಮೇಲೆ ಅಂಗಡಿಯ ಹುಡುಗ ನಿಲ್ಲಿಸಿದ ಹಾಗೆ ನಿಂತವನು ನಾನು. ಈಗ ಸ್ವಂತದ್ದು ಮಾಡಿಸುವ ಹೊತ್ತಿಗೆ ಅನುಮಾನ ಯಾಕೆ ಎಂದು, "ನಾನು ಮೈಮರೆತಿದ್ದಾಗ ಬೆನ್ನಿಗೆ ಒಂಚೂರು ತಳ್ಳು" ಎಂದು ಹೆಂಡತಿಗೆ ಹೇಳಿದ್ದೆ. ಹೇಳಿದ್ದು ಸೋಮವಾರ. ಬುಧವಾರ ರಾತ್ರಿ ಡಿಕಾಕ್ಷನ್ನಿಗೆ ನೀರಿಡೋಣವೆಂದು ಅಡುಗೆಮನೆಗೆ ಹೋದಾಗ ಪರೀಕ್ಷೆ ನಡೆಯಿತು. "ಒಂಚೂರು" ಎಂಬ ಮಾತನ್ನು ಅವಳು ಮರೆತಿದ್ದಳು, ಅಥವಾ ಹದಿನೈದು ವರ್ಷದ ಬಾಕಿಯನ್ನೂ ಸೇರಿಸಿಕೊಂಡಿದ್ದಳು.

"ಯಾವ ಕಾಲು ಬಂತ್ರೀ?" ಎಂದು ಕೇಳಿದಳು.

ಕಾಲು ಬರಲಿಲ್ಲ, ಹಣೆ ಬಂತು. ಫ್ರಿಜ್ಜಿನ ಬಾಗಿಲಲ್ಲಿ ಇವತ್ತಿಗೂ ಒಂದು ಸಣ್ಣ ತಗ್ಗಿದೆ.

ನಾವಿರುವುದು ಜ್ಯೂರಿಕ್‌ನಲ್ಲಿ. ನಾನು ಸಾಗರದ ಕಡೆಯವನು. ಇಳಿಜಾರಿನಲ್ಲಿ ಜಾರುವ ವಿದ್ಯೆಯಲ್ಲಿ ನನ್ನ ಮೂಲ ಶಿಕ್ಷಣ ಅಡಕೆ ಹಾಳೆಯ ಮೇಲೆ ಆದದ್ದು. ಹಾಳೆಯ ಮೇಲೆ ಕೂತು, ಸೋಗೆಯ ದಂಟು ಹಿಡಿದು, ಮನೆ ಹಿಂದಿನ ದರೆಯಿಂದ ಜಾರಿದರೆ ಚಡ್ಡಿ ಸವೆಯುತ್ತಿತ್ತೇ ಹೊರತು ಯಾರೂ ನಿನ್ನ ತೂಕವೆಷ್ಟು, ಬೂಟಿನ ಅಳತೆಯೆಷ್ಟು ಎಂದು ಕೇಳುತ್ತಿರಲಿಲ್ಲ. ಆ ಧೈರ್ಯದಲ್ಲೇ ನಾನು ಇಲ್ಲಿ ಹಿಮಕ್ಕೆ ಇಳಿದದ್ದು.

ಎಲ್ಲವೂ ಸುಖವಾಗಿಯೇ ಇತ್ತು, ಇಲ್ಲಿನ ಹಿಮಜಾರಾಟದ ಬೆಟ್ಟವಾದ ಫ್ಲುಮ್ಸರ್‌ಬರ್ಗ್‌ನಲ್ಲಿ ಆ ಮುದುಕರನ್ನು ನೋಡುವವರೆಗೆ. ಎಪ್ಪತ್ತರ ಆಸುಪಾಸು. ಕಾಲಲ್ಲಿ ಸ್ಕೀಯವರ ಹಾಗೆ ಗಟ್ಟಿ ಪ್ಲಾಸ್ಟಿಕ್ಕಿನ ಬೂಟು, ಕೆಳಗೆ ಉದ್ದನೆಯ, ಸಪೂರ ಹಲಗೆ. ಬೆಳಗ್ಗೆ ಬೆಟ್ಟ ಹತ್ತಿಸುವ ಮೊದಲ ಲಿಫ್ಟಿನ ಹೊತ್ತು. ರಾತ್ರಿಯೆಲ್ಲ ಯಂತ್ರ ಬಾಚಿದ್ದ ಹಿಮ ಕುಂಟೆ ಹೊಡೆದ ಹೊಲದ ಹಾಗೆ ಗೆರೆಗೆರೆಯಾಗಿತ್ತು. ಆತ ಬಲಕ್ಕೆ ವಾಲಿದರೆ ಮೊಣಕೈ ಹಿಮಕ್ಕೆ ತಾಗುತ್ತಿತ್ತು, ಎಡಕ್ಕೆ ವಾಲಿದರೆ ಇನ್ನೊಂದು ಬದಿಯ ಸೊಂಟ. ಒಂದು ಚೂರು ಹಿಮ ಹಾರಲಿಲ್ಲ, ಒಂದು ಸದ್ದಿಲ್ಲ. ಅವರು ಹೋದ ಮೇಲೆ ಉಳಿದದ್ದು ಪೆನ್ಸಿಲಿನಲ್ಲಿ ಎಳೆದಂಥ ಒಂದೇ ಗೆರೆ, ಹಾವು ಹರಿದು ಹೋದ ಹಾಗೆ. ನಾನು ಹೋದ ಮೇಲೆ ಉಳಿದದ್ದು ನೋಡಿದರೆ ಎಮ್ಮೆ ಹೊರಳಾಡಿದ್ದು ಎನ್ನಬೇಕು.

ಲಿಫ್ಟಿನಲ್ಲಿ ಅವರ ಪಕ್ಕದ ಸೀಟೇ ಸಿಕ್ಕಿತು. ಕೇಳಿದೆ. ಅದು ಆಲ್ಪೈನ್ ಬೋರ್ಡಂತೆ. ಸ್ನೋಬೋರ್ಡ್ ಮೊದಲ ಸಲ ಒಲಿಂಪಿಕ್ಸಿಗೆ ಕಾಲಿಟ್ಟ 1998ರ ನಾಗಾನೋದಲ್ಲಿ ಜೈಂಟ್ ಸ್ಲಾಲಮ್, ಅಂದರೆ ನೆಟ್ಟ ಕಂಬಗಳನ್ನು ಸುತ್ತಿಕೊಂಡು ಇಳಿಯುವ ಪಂದ್ಯ, ಓಡಿದ್ದು ಇಂಥ ಹಲಗೆಗಳ ಮೇಲೇ. ಒಂದು ಕಾಲದಲ್ಲಿ ಯುರೋಪಿನ ಬೆಟ್ಟಗಳ ತುಂಬ ಇವೇ ಇದ್ದವು, ಆಮೇಲೆ ಹುಡುಗರಿಗೆ ಗಾಳಿಯಲ್ಲಿ ಪಲ್ಟಿ ಹೊಡೆಯುವ ಹುಚ್ಚು ಹಿಡಿದು ಮೆತ್ತನೆ ಬೂಟಿನ ಬೋರ್ಡುಗಳು ಬಂದವು. ಈಗ ಇಂಥವನ್ನು ಮಾಡುವವರು ಬೆರಳೆಣಿಕೆಯಷ್ಟು ಸಣ್ಣ ಕಾರ್ಖಾನೆಯವರು. ಹೇಳುತ್ತ ಹೇಳುತ್ತ ಮುದುಕರು ತಮ್ಮ ಹಲಗೆಯನ್ನು ಪ್ರೀತಿಯಿಂದ ತಟ್ಟಿದರು. "ಮೆಟಲ್" ಎಂದರು. ಆ ಒಂದು ಶಬ್ದಕ್ಕೆ ನಾನು ಸೋತೆ.

ಮೆಟಲ್ ಎಂದರೆ ಟೈಟನಾಲ್. ಮನೆಗೆ ಬಂದು "ಟೈಟೇನಿಯಂ ಹಲಗೆ" ಎಂದು ಹೆಂಡತಿಯೆದುರು ಎರಡು ದಿನ ಕೊಚ್ಚಿಕೊಂಡೆ. ವಿಮಾನಕ್ಕೆ ಹಾಕುತ್ತಾರೆ, ಮೊಣಕಾಲಿಗೆ ಹಾಕುತ್ತಾರೆ ಎಂದೆಲ್ಲ. ಮೂರನೇ ದಿನ ತಿಳಿಯಿತು, ಅದು ಅಲ್ಯೂಮಿನಿಯಂ. ಜೊತೆಗೆ ಸತು, ಮೆಗ್ನೀಸಿಯಂ, ತಾಮ್ರ ಬೆರೆಸಿ ಆಸ್ಟ್ರಿಯಾದ ಕಂಪನಿಯೊಂದು ತಯಾರಿಸುವ ಮಿಶ್ರಲೋಹ, ಹೆಸರು ಮಾತ್ರ ಟೈಟನಾಲ್. ಕಾಶಿ ಹಲ್ವದಲ್ಲಿ ಕಾಶಿ ಎಲ್ಲಿದೆ, ಇರುವುದು ಬೂದುಗುಂಬಳಕಾಯಿಯಲ್ಲವೇ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಹೆಂಡತಿಗೆ ಹೇಳಲಿಲ್ಲ.

ಆದರೆ ಕೆಲಸ ಮಾತ್ರ ಅಪ್ಪಟ. ನಡುವೆ ಮರದ ತಿರುಳು, ಅದರ ಮೇಲೂ ಕೆಳಗೂ ಗಾಜಿನೆಳೆಯ ಪದರ, ಅದಕ್ಕೊಂದು ಒಂದು ಮಿಲಿಮೀಟರೂ ದಪ್ಪವಿಲ್ಲದ ಟೈಟನಾಲ್ ಹಾಳೆ, ಎಲ್ಲ ಸೇರಿಸಿ ಅಂಟು ಹಾಕಿ ಒತ್ತುತ್ತಾರೆ. ಬರೀ ಗಾಜಿನೆಳೆಯ ಹಲಗೆ ಗಟ್ಟಿ ಹಿಮದ ಮೇಲೆ ಗಡಗಡ ನಡುಗುತ್ತದೆ, ನಡುಗಿದಾಗ ಅಂಚಿನ ಹಿಡಿತ ತಪ್ಪುತ್ತದೆ. ಲೋಹದ ಪದರ ಆ ನಡುಕವನ್ನು ನುಂಗಿಬಿಡುತ್ತದೆ. ಕೆಂಪು ಬಸ್ಸಿನ ಹಿಂದಿನ ಸೀಟಿನಿಂದ ಎದ್ದು ಕಾರಿನಲ್ಲಿ ಕೂತ ಹಾಗೆ. ಒಂದೇ ಒಂದು ದೋಷವೆಂದರೆ, ಗಾಜಿನೆಳೆ ಬಗ್ಗಿದರೆ ಪುಟಿದು ಮೊದಲಿನಂತಾಗುತ್ತದೆ, ಲೋಹ ಅತಿಯಾಗಿ ಬಗ್ಗಿದರೆ ಬಗ್ಗಿದಂತೆಯೇ ಉಳಿಯುತ್ತದೆ. ನಮ್ಮೂರ ಕಾಗದದಂಥ ಸಿಹಿ ತಿಂಡಿ ತೊಡೆದೇವು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿಸಿ ಮಡಕೆಯ ಮೇಲಿಂದ ಎಬ್ಬಿಸಿ ಮಡಿಚಿದ ತೊಡೆದೇವನ್ನು ಮತ್ತೆ ಬಿಡಿಸಿ ನೇರ ಮಾಡಿದವರು ಇದುವರೆಗೆ ಹುಟ್ಟಿಲ್ಲ.

ಈ ದೋಷವನ್ನು ನಾನು ಓದಿದ್ದೆ, ನೆನಪಿರಲಿ.

ಇನ್ನು ಅಳತೆಗಳ ವಿಷಯ. ಮಗಳ ಕಂಪಾಸ್ ಪೆಟ್ಟಿಗೆ ತೆಗೆದುಕೊಂಡು ಊಟದ ಮೇಜಿನ ಮೇಲೆ ಹದಿನೈದು ದಿನ ಕೂತೆ. ಮಾಮೂಲಿ ಬೋರ್ಡಿನ ಸೊಂಟ, ಅಂದರೆ ನಡುವಿನ ಅಗಲ, 25 ಸೆಂಟಿಮೀಟರಿನ ಆಸುಪಾಸು ಇದ್ದರೆ ಇದರದ್ದು 19. (ನನ್ನ ಸೊಂಟದ ಪ್ರಸ್ತಾಪ ಇಲ್ಲಿ ಬೇಡ, ಮುಂದೆ ತಾನಾಗಿಯೇ ಬರುತ್ತದೆ.) ಅಷ್ಟು ಕಿರಿದಾದ ಹಲಗೆಯ ಮೇಲೆ ಪಾದ ಅಡ್ಡಡ್ಡ ಇಟ್ಟರೆ ಬೂಟಿನ ಮೂತಿ ಹೊರಗೆ ಚಾಚಿ, ವಾಲಿದ ಕೂಡಲೇ ಹಿಮಕ್ಕೆ ತಗುಲಿ ಮನುಷ್ಯ ಹಾರಿಹೋಗುತ್ತಾನೆ. ಹಾಗಾಗಿ ಪಾದವನ್ನು 60 ಡಿಗ್ರಿಯಷ್ಟು ಮುಂದಕ್ಕೆ ತಿರುಗಿಸಬೇಕು. ಆಮೇಲೆ ಸೈಡ್‌ಕಟ್, ಅಂದರೆ ಹಲಗೆಯ ಪಕ್ಕದ ಕಮಾನು. ಆ ಕಮಾನನ್ನು ಪೂರ್ತಿ ವೃತ್ತ ಮಾಡಿದರೆ ಅದರ ತ್ರಿಜ್ಯ 12 ಮೀಟರ್ ಎಂದಿಟ್ಟುಕೊಳ್ಳಿ. ಹಲಗೆಯನ್ನು ಅಂಚಿನ ಮೇಲೆ 60 ಡಿಗ್ರಿ ವಾಲಿಸಿದರೆ ಅದು ಬಿಲ್ಲಿನಂತೆ ಬಗ್ಗಿ, ಹೆಚ್ಚುಕಡಿಮೆ 6 ಮೀಟರಿನ ತಿರುವು ತಾನಾಗಿ ತೆಗೆದುಕೊಳ್ಳುತ್ತದೆ. ಕೊಸೈನ್ 60 ಅಂದರೆ ಅರ್ಧ. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು "ಇದು ಮುಂದೆ ಉಪಯೋಗಕ್ಕೆ ಬರ್ತದೆ ಕಣೋ" ಎಂದು ಕಿವಿ ಹಿಂಡಿದ್ದಕ್ಕೆ ಇಷ್ಟು ವರ್ಷದ ಮೇಲೆ ಅರ್ಥ ಸಿಕ್ಕಿತು.

"ಅಪ್ಪಾ, ನನ್ನ ಕೋನಮಾಪಕ ನಾಳೆ ಪರೀಕ್ಷೆಗೆ ಬೇಕು" ಎಂದು ಮಗಳು ಅಳುವವರೆಗೆ ಲೆಕ್ಕ ನಡೆಯಿತು. ಉದ್ದ 168, ತ್ರಿಜ್ಯ 12, ಸೊಂಟ 19. ಪಕ್ಕಾ.

ಹಲಗೆ ಮಾಡುವವರು ಒಂದು ಫಾರಂ ಕಳಿಸಿದರು. ಅದು ಥೇಟ್ ಗಂಡಿನ ಕಡೆಯ ಬಯೋಡೇಟಾ. ವರ್ಷಕ್ಕೆ ಎಷ್ಟು ದಿನ ಬೆಟ್ಟಕ್ಕೆ ಹೋಗುತ್ತೀರಿ? ನಿಜವಾಗಿ ಆರು, ಬರೆದದ್ದು ಇಪ್ಪತ್ತೈದು. ಯಾವ ಮಟ್ಟದವರು? "ಮುಂದುವರಿದ" ಎಂದು ಗುರುತು ಹಾಕಿದೆ, ಮುಂದುವರಿಯುವ ಆಸೆಯಂತೂ ಇತ್ತಲ್ಲ. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಹೆಂಡತಿ ನಿಟ್ಟುಸಿರು ಬಿಟ್ಟಳು. ಅವಳು ದಾವಣಗೆರೆಯವಳು, ಮಾತಿಗೆ ಬೆಣ್ಣೆ ಹಚ್ಚುವ ಅಭ್ಯಾಸವಿಲ್ಲ. "ನಮ್ಮ ಮದುವೆ ಟೈಮಲ್ಲೂ ಹವ್ಯಾಸ ಟ್ರೆಕ್ಕಿಂಗು ಅಂತ ಬರ್ದಿದ್ರಿ. ಹನಿಮೂನಿಗೆ ಮುಳ್ಳಯ್ಯನಗಿರಿಗೆ ಹೋದ್ರೆ ಜೀಪಿಂದ ಇಳೀಲಿಲ್ಲ."

ಕೊನೆಗೆ ಬಂತು ಆ ಪ್ರಶ್ನೆ. ತೂಕ, ಬಟ್ಟೆಬರೆ ಸಮೇತ.

ನನ್ನ ತೂಕ 86. ನನ್ನ ಮನಸ್ಸಿನಲ್ಲಿರುವ ನನ್ನ ತೂಕ 76. ಇವೆರಡರ ನಡುವಿನ ಹತ್ತು ಕಿಲೋ ಹೆಚ್ಚೆಂದರೆ ಒಂದು ಸಣ್ಣ ಅಕ್ಕಿ ಚೀಲ, ಅದೂ ಸಂಕ್ರಾಂತಿಯೊಳಗೆ ಇಳಿಸಲಿಕ್ಕಿದ್ದದ್ದು. ಇಳಿಸಲಿರುವ ತೂಕಕ್ಕೆ ಯಾಕೆ ಹಲಗೆ ಮಾಡಿಸಬೇಕು? 76 ಎಂದು ಬರೆದೆ. ಬಟ್ಟೆಬರೆ ಸಮೇತ.

ಹಲಗೆ ಬಂತು. ಬೆಲೆ ಕೇಳಬೇಡಿ ಎಂದು ನಿಮಗೆ ಹೇಳಬಹುದು, ಅಮ್ಮನಿಗೆ ಹೇಳಲಾಗುವುದಿಲ್ಲ. ವಿಡಿಯೋ ಕಾಲಿನಲ್ಲಿ ಹೆಮ್ಮೆಯಿಂದ ಎತ್ತಿ ತೋರಿಸಿದೆ. ಅಮ್ಮ ಕನ್ನಡಕ ಏರಿಸಿ ನೋಡಿದಳು. "ಎಂತದು ಮಾರಾಯ, ಇಸ್ತ್ರಿ ಹಲಗೆಯಾ? ಕಾಲೇ ಇಲ್ಲವಲ್ಲ." ಬೆಲೆ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ, ನೆಟ್‌ವರ್ಕ್ ಹೋಯಿತೆಂದುಕೊಂಡೆ. "ಎರಡು ಜರ್ಸಿ ಹಸು ಬರ್ತಿತ್ತು" ಎಂದಳು. ಮೂರು ಸಲ ಹೇಳಿದಳು. ಮೂರನೆಯ ಸಲ ಕರುವನ್ನೂ ಸೇರಿಸಿದಳು.

ಮೊದಲ ದಿನದ ಸಾಹಸದಲ್ಲಿ ಬೆಟ್ಟದ ಪಾಲು ಕಡಿಮೆ, ರೈಲಿನ ಪಾಲೇ ಹೆಚ್ಚು. ಹಾರ್ಡ್‌ಬೂಟನ್ನು ಮನೆಯಲ್ಲೇ ಹಾಕಿಕೊಂಡು ಹೊರಟದ್ದು ತಪ್ಪಾಯಿತು. ಪಾದದ ಗಂಟು ಬಗ್ಗುವುದಿಲ್ಲ, ಹಿಮ್ಮಡಿ ಊರಿದರೆ ಧಡ್ ಎನ್ನುತ್ತದೆ. ಬೆಳಗಿನ ಆರರ ನಿಶ್ಶಬ್ದ ಬೋಗಿಯಲ್ಲಿ, ಕೈಯಲ್ಲಿ ನನ್ನಷ್ಟೇ ಉದ್ದದ ಹಲಗೆ ಹಿಡಿದು, ಧಡ್ ಧಡ್ ಎಂದು ನಾನು ನಡೆದ ರೀತಿ ಯಕ್ಷಗಾನದಲ್ಲಿ ನಸುಕಿನ ಹೊತ್ತಿಗೆ ರಕ್ಕಸ ವೇಷ ರಂಗಕ್ಕೆ ಬಂದ ಹಾಗಿತ್ತು. ಚೆಂಡೆ ಒಂದೇ ಕಮ್ಮಿ. ಊಂಟರ್‌ಟೆರ್ಟ್ಸನ್‌ನಲ್ಲಿ ಇಳಿದರೆ ನಿಲ್ದಾಣದ ಪಕ್ಕದಲ್ಲೇ ಬೆಟ್ಟಕ್ಕೆ ಒಯ್ಯುವ ತೂಗುಬಂಡಿ ಗೊಂಡೊಲಾ, ಕೆಳಗೆ ವಾಲೆನ್‌ಸೀ ಸರೋವರ, ಆಚೆ ದಡದಲ್ಲಿ ಕುರ್‌ಫಿರ್ಸ್ಟನ್ ಶಿಖರಗಳ ಗರಗಸ. ಈ ದೃಶ್ಯವನ್ನು ನಾನು ಅಂದು ಬಹಳ ಹೊತ್ತು ನೋಡಿದೆ. ಚೇರ್‌ಲಿಫ್ಟಿನಿಂದ ಇಳಿಯುವಲ್ಲಿ ಬಿದ್ದಾಗ, ಅಂಗಾತ. ಹಿಂದಿನ ಕಾಲು ಬಿಚ್ಚಿಕೊಂಡು, ಮುಂದಿನ ಕಾಲು ಮಾತ್ರ 60 ಡಿಗ್ರಿಯಲ್ಲಿ ಕಟ್ಟಿಕೊಂಡು ಇಳಿಯುವುದು ಎಷ್ಟು ಕಷ್ಟವೆಂದು ಕೊಸೈನ್ ಹೇಳಿಕೊಟ್ಟಿರಲಿಲ್ಲ. ಲಿಫ್ಟ್ ನಿಲ್ಲಿಸಿದರು. ಗಾಳಿಯಲ್ಲಿ ತೂಗಾಡುತ್ತಿದ್ದ ಅಷ್ಟೂ ಜನ, ನಾಲ್ಕು ವರ್ಷದ ಮಕ್ಕಳೂ ಸೇರಿ, ನಾನು ಏಳುವುದನ್ನು ಸಹನೆಯಿಂದ ನೋಡಿದರು. ಸ್ವಿಸ್ ಜನ ಬಹಳ ಸಭ್ಯರು, ನಗುವುದಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಒಂದು ಮಾತು ಮಾತ್ರ ಹೇಳಲೇಬೇಕು. ಮೂರನೆಯ ದಿನ ಬೆಳಗ್ಗೆ, ಖಾಲಿ ಇಳಿಜಾರಿನಲ್ಲಿ, ಒಂದು ತಿರುವು ಬಂತು. ನಾನು ತೆಗೆದುಕೊಂಡೆ ಎನ್ನಲಾರೆ, ಅದೇ ಬಂತು. ಹಲಗೆ ಅಂಚಿಗೆ ನಿಂತಿತು, ಹಿಮವನ್ನು ಕಚ್ಚಿತು, ನಡುಕವಿಲ್ಲ, ಸದ್ದಿಲ್ಲ. ಹೊಟ್ಟೆಯೊಳಗೆ ಜಾತ್ರೆಯ ತೊಟ್ಟಿಲು ಮೇಲಿಂದ ಇಳಿಯುವಾಗಿನ ಭಾವ. ನಿಂತು ಹಿಂದಿರುಗಿ ನೋಡಿದರೆ ಒಂದು ಗೆರೆ. ಪೆನ್ಸಿಲಿನದ್ದೇ. ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. "ಬರೀ ಬಿಳಿ ಕಾಣ್ತದೆ, ಎಂತ ನೋಡ್ಬೇಕು?" ಎಂದು ಉತ್ತರ ಬಂತು.

ಅಲ್ಲಿಗೆ ನಿಲ್ಲಿಸಿ ಮನೆಗೆ ಬರಬೇಕಿತ್ತು. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ಝೆಕ್ ದೇಶದ ಎಸ್ಟರ್ ಲೆಡೆಟ್ಸ್ಕಾ ಎರವಲು ತಂದ ಸ್ಕೀ ಮೇಲೆ ಸೂಪರ್-ಜಿ ಎಂಬ ವೇಗದ ಸ್ಕೀ ಪಂದ್ಯದ ಚಿನ್ನ ಗೆದ್ದಳು, ಸೆಕೆಂಡಿನ ನೂರನೇ ಒಂದು ಭಾಗದ ಅಂತರದಲ್ಲಿ. ಒಂದು ವಾರ ಬಿಟ್ಟು ಆಲ್ಪೈನ್ ಬೋರ್ಡಿನ ಮೇಲೆ ಇನ್ನೊಂದು ಚಿನ್ನ. ಎರವಲಿನದ್ದರಲ್ಲಿ ಆಕೆ ಅಷ್ಟು ಮಾಡಿದರೆ, ಸ್ವಂತದ್ದು ಇಟ್ಟುಕೊಂಡು ನಾನು ಊಟದ ಮೇಲೆ ಇನ್ನೊಂದು ಸುತ್ತು ಹೋಗಬಾರದೇ ಎನಿಸಿತು. ಊಟವೆಂದರೆ ಆಲೂಗೆಡ್ಡೆಯ ರೋಷ್ಟಿ, ಮೇಲೆ ಚೀಸು, ಅದರ ಮೇಲೆ ಇನ್ನೊಂದು ಪ್ಲೇಟು.

ಮಧ್ಯಾಹ್ನದ ಬಿಸಿಲಿಗೆ ಹಿಮ ಮೆತ್ತಗಾಗಿ ಗುಡ್ಡೆ ಗುಡ್ಡೆಯಾಗಿತ್ತು. ಬೆಳಗಿನ ಧೈರ್ಯದಲ್ಲೇ ವಾಲಿದೆ. 76 ಕಿಲೋದವನಿಗೆಂದು ಮೆದುವಾಗಿ ಮಾಡಿದ್ದ ಹಲಗೆ 86 ಕಿಲೋ ಮತ್ತು ಎರಡು ಪ್ಲೇಟ್ ರೋಷ್ಟಿಯ ಭಾರಕ್ಕೆ ಬಿಲ್ಲಿನಂತೆ ಬಗ್ಗಿತು, ಬಗ್ಗುತ್ತಲೇ ಹೋಯಿತು, ಮೂತಿ ಒಂದು ಗುಡ್ಡೆಯೊಳಗೆ ನುಗ್ಗಿ ಅಲ್ಲೇ ನಿಂತಿತು. ನಾನು ನಿಲ್ಲಲಿಲ್ಲ. ಎದ್ದು ಕೂತು ಕೈಕಾಲು ಎಣಿಸಿಕೊಂಡೆ, ಲೆಕ್ಕ ಸರಿಯಿತ್ತು. ಹಲಗೆ ನೋಡಿದರೆ ಮೂತಿಯಿಂದ ಒಂದು ಗೇಣು ಹಿಂದೆ ಸೌಟಿನ ಹಾಗೆ ಮೇಲಕ್ಕೆ ಎದ್ದಿತ್ತು. ಮೊಣಕಾಲಿಟ್ಟು ಒತ್ತಿದೆ. ತೊಡೆದೇವು.

ಮಾಡಿದವರಿಗೆ ಫೋನು ಹಚ್ಚಿ, ಲೋಹದ ಗುಣಮಟ್ಟದ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಸಿದ್ಧವಾಗಿದ್ದೆ. ಆ ಕಡೆಯವರು ಗಲಾಟೆ ಮಾಡಲಿಲ್ಲ, ಒಂದೇ ಪ್ರಶ್ನೆ ಕೇಳಿದರು. "ನಿಮ್ಮ ತೂಕ ಎಷ್ಟೆಂದು ಬರೆದಿದ್ದಿರಿ?" ಸಿಗ್ನಲ್ ಸರಿಯಿಲ್ಲವೆಂದು ಫೋನ್ ಇಟ್ಟೆ. ಸಿಗ್ನಲ್ ಬಹಳ ಚೆನ್ನಾಗಿತ್ತು.

ಬಗ್ಗಿದ ಹಲಗೆ ಈಗ ಬಾಲ್ಕನಿಯಲ್ಲಿದೆ. ಬೇಸಿಗೆಯಲ್ಲಿ ಹಪ್ಪಳ ಒಣಗಿಸಲಾದರೂ ಆದೀತು ಎಂದು ಅಮ್ಮ ಹೇಳಿದ್ದಾಳೆ. "ಒಂದು ಹಸು ಅಂತೂ ಹೋಯ್ತು, ಇನ್ನೊಂದಾದ್ರೂ ಉಳೀಲಿ" ಎಂದೂ ಸೇರಿಸಿದ್ದಾಳೆ. ಆದರೆ ಆ ಒಂದು ಗೆರೆ ನೋಡಿದವನು ಹಸುವಿನ ಮಾತು ಕೇಳುತ್ತಾನೆಯೇ? ಈ ವಾರ ಹೊಸ ಫಾರಂ ಬಂತು. ನಾನು ಪೆನ್ನು ಹುಡುಕುವಷ್ಟರಲ್ಲಿ ಹೆಂಡತಿ ಅದನ್ನು ಕಿತ್ತುಕೊಂಡು, ಬಚ್ಚಲುಮನೆಯಿಂದ ತೂಕದ ಯಂತ್ರ ತಂದು ಅಡುಗೆಮನೆಯ ನಡುವೆ ಇಟ್ಟಳು. ನಾನು ವಾಚು ಬಿಚ್ಚಿದೆ, ಉಂಗುರ ಬಿಚ್ಚಿದೆ, ಜೇಬಿನ ಚಿಲ್ಲರೆ ತೆಗೆದೆ.

"ಬಟ್ಟೆಬರೆ ಸಮೇತ ಅಂತ ಐತ್ರೀ ಇದ್ರಾಗೆ" ಎಂದಳು. ಎರಡೂ ಹಾರ್ಡ್‌ಬೂಟು ತಂದು ಕಾಲಿಗೆ ಹಾಕಿಸಿದಳು, ಜಾಕೆಟ್ಟು ತೊಡಿಸಿದಳು, ತಲೆಗೆ ಹೆಲ್ಮೆಟ್ಟು ಇಟ್ಟಳು.

ಇನ್ನು ಹತ್ತಬೇಕು. ಯಾವ ಕಾಲು ಮೊದಲಿಡಲಿ ಎಂದು ಯೋಚಿಸುತ್ತ ನಿಂತಿದ್ದೆ. ಅವಳು ನನ್ನ ಬೆನ್ನ ಹಿಂದಕ್ಕೆ ಬಂದು ನಿಂತಳು.