ಸಿಡಿಸಿ ನೋಡೋಣ, ಕಟ್ಟೆ ಗಟ್ಟಿ ಇದ್ಯಾ?

ವಿಜ್ಞಾನದ ಮೇಲೆ ನಮ್ಮ ಸರ್ಕಾರಗಳಿಗೆ ಇರುವ ನಂಬಿಕೆ ದೊಡ್ಡದು. ಮಂಡ್ಯ ಜಿಲ್ಲೆಯ ಬೇಬಿ ಬೆಟ್ಟದಲ್ಲಿ ಗಣಿಗಾಗಿ ಬಂಡೆ ಸಿಡಿಸಿದರೆ ಕನ್ನಂಬಾಡಿ ಕಟ್ಟೆಗೆ, ಅಂದರೆ ಕೆಆರ್‌ಎಸ್ ಅಣೆಕಟ್ಟಿಗೆ, ಪೆಟ್ಟಾಗುತ್ತಾ ಅನ್ನೋ ಅನುಮಾನ ಬಂತು. ಹೇಗೆ ತಿಳಿಯೋದು? ಬೇಬಿ ಬೆಟ್ಟದಲ್ಲಿ ಬಂಡೆ ಸಿಡಿಸಿ! ಇದಕ್ಕೆ ಟ್ರಯಲ್ ಬ್ಲಾಸ್ಟ್ ಅಂತಾರೆ. ಸಂತೆಯಲ್ಲಿ ಮಡಕೆ ಕೊಳ್ಳುವ ಅಜ್ಜಿಯರು ಬೆರಳಲ್ಲಿ ತಟ್ಟಿ ನೋಡ್ತಾರೆ. ಪಾಪ, ಓದಿಲ್ಲ. ಓದಿದ್ದರೆ ಕಲ್ಲು ಎತ್ತಿಹಾಕಿ ನೋಡ್ತಿದ್ದರೇನೋ.

2022ರಲ್ಲಿ ಈ ಟ್ರಯಲ್ ಮಾಡೋಕೆ ಜಾರ್ಖಂಡ್‌ನ ಧನಬಾದ್‌ನಿಂದ ಗಣಿ ತಜ್ಞರು ಬಂದರು. ರೈತರು ‘ಗೋ ಬ್ಯಾಕ್’ ಅಂದರು. ಬ್ಲಾಸ್ಟ್ ಮುಂದಕ್ಕೆ ಹೋಯಿತು. 2024ರ ಜನವರಿಯಲ್ಲಿ ಹೈಕೋರ್ಟು ಕಟ್ಟೆಯ ಸುತ್ತ 20 ಕಿ.ಮೀ. ಒಳಗೆ ಗಣಿಗಾರಿಕೆಗೆ ತಡೆ ಹಾಕಿತು. ಸದ್ಯ, ಮುಗೀತು ಅಂದುಕೊಂಡರೆ ಅದೇ ಜುಲೈನಲ್ಲಿ ಮತ್ತೆ ಟ್ರಯಲ್ ತಯಾರಿ, ಮತ್ತೆ ಗೋ ಬ್ಯಾಕ್. ಗಣಿಗೇ ತಡೆ ಇರುವಾಗ ಈ ಪರೀಕ್ಷೆ ಯಾರಿಗೋಸ್ಕರ ಅಂತ ಮಾತ್ರ ಕೇಳಬಾರದು.

ಕಟ್ಟೆ ಮೇಲೆ ಪ್ರೀತಿ ಇಲ್ಲ ಅಂತಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಆ ಕಡೆ ಭಾರೀ ಸದ್ದು ಕೇಳಿ ಜನ ಬೆಚ್ಚಿಬಿದ್ದರು. ಎರಡೇ ತಿಂಗಳಲ್ಲಿ ಸರ್ಕಾರದಿಂದ ಘೋಷಣೆ ಬಂತು. ಗಣಿ ಬಗ್ಗೆ ಅಲ್ಲ, ಕಾವೇರಿ ತಾಯಿಗೆ 125 ಅಡಿ ಪ್ರತಿಮೆ! ಜೊತೆಗೆ ಡಿಸ್ನಿಲ್ಯಾಂಡ್ ಥರದ ಪಾರ್ಕು. ಕಟ್ಟೆಯ ಪೂರ್ತಿ ಮಟ್ಟ 124.80 ಅಡಿ. ಅಂದರೆ ನೀರು ತುಂಬಿ ನಿಂತರೂ ತಾಯಿಯ ಕಿರೀಟ ಒಂದಿಷ್ಟು ಮೇಲೆ ಕಾಣುವಂತೆ ಲೆಕ್ಕ ಹಾಕಿದ್ದರೋ ಏನೋ. ಈಗ ಕಾವೇರಿ ಆರತಿಯೂ ಸೇರಿಕೊಂಡಿದೆ. ಕಟ್ಟೆ ತುಂಬಿದಾಗ ಬಾಗಿನ ಹೇಗೂ ಇದ್ದೇ ಇದೆ. ಸೀರೆ, ಬಳೆ, ಅರಿಶಿನ, ಕುಂಕುಮ, ಆಮೇಲೆ ಫೋಟೋ. ಬಾಗಿನ ಬಿಡುವ ಕೈಯಲ್ಲೇ ಬ್ಲಾಸ್ಟಿನ ಫೈಲಿಗೂ ಸಹಿ ಹಾಕಬಹುದು, ಪೆನ್ನು ಒಂದೇ ತಾನೆ.

ಸಿಮೆಂಟ್ ಇಲ್ಲದೆ, ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ ಕಟ್ಟಿದ ಕಟ್ಟೆ ಸ್ವಾಮಿ ಅದು. 1911ರಲ್ಲಿ ಕೆಲಸ ಶುರುವಾದದ್ದು. ನಮ್ಮ ಗದ್ದೆ, ಕಬ್ಬು, ಮೈಸೂರು ಬೆಂಗಳೂರಿನ ನಲ್ಲಿ ಎಲ್ಲ ಅದನ್ನೇ ನಂಬಿವೆ. ಅದರ ಮೇಲೆ ಟ್ರಯಲ್ ಏನು?

ಟ್ರಯಲ್ಲೇ ಬೇಕಿದ್ದರೆ ಬೆಟ್ಟದ ಸುತ್ತಲ ಊರುಗಳಲ್ಲಿ ವರ್ಷಗಟ್ಟಲೆ ನಡೆದಿದೆಯಲ್ಲ. ಗೋಡೆ ಬಿರುಕು ಬಿಟ್ಟಿವೆ. ಕಬ್ಬಿನ ಗರಿ ಮೇಲೆ ಕ್ರಷರ್ ದೂಳು ಕೂತಿದೆ. ಜಲ್ಲಿ ಹೊತ್ತ ಟಿಪ್ಪರ್ ಓಡಿ ಓಡಿ ರಸ್ತೆ ಕಿತ್ತುಬಂದಿದೆ. ಇದನ್ನು ನೋಡೋಕೆ ಧನಬಾದ್‌ನಿಂದ ಯಾರೂ ಬರಬೇಕಿರಲಿಲ್ಲ. ತಹಶೀಲ್ದಾರರ ಜೀಪು ಸಾಕಿತ್ತು.