ಹರಕೆ ಈಡೇರಿದವರ ಚೌಕ

ಮಂಗಳೂರಿನ ಪತ್ರಿಕೆಗಳ ಚಿಕ್ಕ ಜಾಹೀರಾತಿನ ಪುಟದಲ್ಲಿ ಆಗಾಗ ಒಂದು ಪುಟ್ಟ ಚೌಕ ಕಾಣುತ್ತದೆ. ಅತ್ತ ಬಾಡಿಗೆಗೆ ಮನೆ, ಇತ್ತ ಬೋರ್‌ವೆಲ್ ಕೊರೆಯುವವರು, ನಡುವೆ ಬಾಲ ಯೇಸುವಿನ ಚಿತ್ರ. ಕೆಳಗೆ ಬೇಡಿದ್ದನ್ನು ಕರುಣಿಸಿದ್ದಕ್ಕೆ ಕೃತಜ್ಞತೆ, ಎರಡು ಇನಿಷಿಯಲ್, ಮುಗಿಯಿತು. ಏನು ಬೇಡಿದರು, ಏನು ಸಿಕ್ಕಿತು ಅಂತ ಇರುವುದಿಲ್ಲ. ಮಗಳ ಮದುವೆಯೋ, ಗಲ್ಫ್ ವೀಸಾವೋ, ಸ್ಕ್ಯಾನ್ ರಿಪೋರ್ಟ್ ನಾರ್ಮಲ್ ಬಂದದ್ದೋ, ಓದುವವರೇ ಊಹಿಸಿಕೊಳ್ಳಬೇಕು. ಆ ಪುಟ ತೆರೆದರೆ ನನ್ನ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ.

ಪುರಾವೆ ಅಂತ ನೋಡಿದರೆ ಆ ಚೌಕಕ್ಕೆ ತೂಕವೇ ಇಲ್ಲ. ವೀಸಾ ಸಿಗದವರು ಜಾಹೀರಾತು ಕೊಡುವುದಿಲ್ಲವಲ್ಲ! ಒಂಬತ್ತು ದಿನ ನೊವೇನಾ ಪ್ರಾರ್ಥನೆ ಮಾಡಿದೆ, ಏನೂ ಆಗಲಿಲ್ಲ, ಇಂತಿ ಎ.ಡಿ. ಅಂತ ಯಾರಾದರೂ ದುಡ್ಡು ಕೊಟ್ಟು ಅಚ್ಚು ಹಾಕಿಸಿದ್ದುಂಟಾ? ಇದು ಇಗರ್ಜಿಗೆ ಹೋಗುವವರ ಗುಣ ಮಾತ್ರ ಅಂದುಕೊಳ್ಳಬೇಡಿ. 1995ರ ಸೆಪ್ಟೆಂಬರ್ 21ರಂದು ಗಣಪತಿ ಹಾಲು ಕುಡಿಯುತ್ತಾನೆ ಅಂತ ಚಮಚ ಹಿಡಿದು ಸಾಲು ನಿಂತವರು ನಾವೇ. ಕುಡಿದ ಅಂದವರ ಸುದ್ದಿ ದೇಶವೆಲ್ಲ ಹಬ್ಬಿತು. ಕುಡಿಯಲಿಲ್ಲ ಅನ್ನುವವರು ಸುಮ್ನೆ ಮನೆಗೆ ಬಂದು ಅದೇ ಹಾಲಲ್ಲಿ ಕಾಫಿ ಮಾಡಿಕೊಂಡಿರಬೇಕು.

ತಮಾಷೆ ಏನೆಂದರೆ, ಪವಾಡ ಒಪ್ಪುವುದರಲ್ಲಿ ಕೆಥೋಲಿಕ್ ಚರ್ಚಿನಷ್ಟು ಜಿಪುಣರು ಕಡಿಮೆ. ಫ್ರಾನ್ಸಿನ ಲೂರ್ದ್‌ನಲ್ಲಿ 1858ರಲ್ಲಿ ಬರ್ನಡೆಟ್ ಎಂಬ ಹುಡುಗಿಗೆ ಯೇಸುವಿನ ತಾಯಿ ಮೇರಿ ಮಾತೆ ಕಾಣಿಸಿಕೊಂಡಳು ಅನ್ನುತ್ತಾರೆ. ಅಲ್ಲಿನ ಒರತೆಯ ನೀರಿಗಾಗಿ ಅಂದಿನಿಂದ ಕೋಟಿಗಟ್ಟಲೆ ಜನ ಹೋಗಿದ್ದಾರೆ. ವಾಸಿಯಾಯಿತು ಅಂತ ಅಲ್ಲಿನ ವೈದ್ಯರ ಕಚೇರಿಗೆ ಬಂದು ಬರೆಸಿದವರು ಏಳು ಸಾವಿರಕ್ಕೂ ಜಾಸ್ತಿ. ಅದರಲ್ಲಿ ಪವಾಡ ಅಂತ ಬಿಷಪರು ಮುದ್ರೆ ಒತ್ತಿದ್ದು ಎಪ್ಪತ್ತು ಚಿಲ್ಲರೆ. ಕಾಯಿಲೆ ದೊಡ್ಡದಿರಬೇಕು, ಥಟ್ಟನೆ ಗುಣವಾಗಬೇಕು, ಪೂರ್ತಿ ಗುಣವಾಗಬೇಕು, ಮತ್ತೆ ಮರುಕಳಿಸಬಾರದು, ಮದ್ದಿನಿಂದ ಆದದ್ದಾಗಿರಬಾರದು. ಈ ನಿಯಮಗಳನ್ನು ಹದಿನೆಂಟನೇ ಶತಮಾನದಲ್ಲೇ ಲ್ಯಾಂಬರ್ಟಿನಿ ಎಂಬವರು ಬರೆದಿಟ್ಟರು. ಮುಂದೆ ಅವರೇ ಪೋಪ್ ಆದರು. ಯಾರನ್ನಾದರೂ ಸಂತರೆಂದು ಸಾರುವ ಮೊದಲು ಎದುರುವಾದ ಮಾಡಲಿಕ್ಕೆಂದೇ ಚರ್ಚು 1587ರಿಂದ ಒಬ್ಬರನ್ನು ನೇಮಿಸುತ್ತಿತ್ತು. ಸೈತಾನನ ವಕೀಲ ಅಂತ ಅವರಿಗೆ ಅಡ್ಡಹೆಸರು. 1983ರಲ್ಲಿ ಅವರ ಕೆಲಸವನ್ನು ಮೊಟಕು ಮಾಡಿದರು. ಮಾಡಬಾರದಿತ್ತು ಅಂತ ನನಗೆ ಕಾಣುತ್ತದೆ.

ಏಕೆಂದರೆ ಜರಡಿ ಎಷ್ಟೇ ಸಣ್ಣದಿದ್ದರೂ ಒಂದು ತೊಡಕು ಉಳಿಯುತ್ತದೆ. ವೈದ್ಯರಿಗೆ ಕಾರಣ ಗೊತ್ತಾಗಲಿಲ್ಲ ಅನ್ನುವುದು ಒಂದು ಮಾತು, ದೇವರೇ ಮಾಡಿದ ಅನ್ನುವುದು ಬೇರೆಯೇ ಮಾತು. ಮದರ್ ತೆರೇಸಾ ವಿಷಯದಲ್ಲಿ ಅಷ್ಟೂ ಗಟ್ಟಿ ಇರಲಿಲ್ಲ. ಪಶ್ಚಿಮ ಬಂಗಾಳದ ಒಬ್ಬ ಮಹಿಳೆಯ ಹೊಟ್ಟೆಯ ಗೆಡ್ಡೆ 1998ರಲ್ಲಿ ಕರಗಿದ್ದು ತೆರೇಸಾರ ಪವಾಡ ಅಂತ ಚರ್ಚು ಒಪ್ಪಿತು. ಆ ಮಹಿಳೆಯನ್ನು ನೋಡಿದ ಡಾಕ್ಟರು, ಅದು ಕ್ಷಯದ ಗೆಡ್ಡೆ, ಮದ್ದಿನಿಂದ ಹೋಯಿತು ಅಂದರು. ನಾನು ಡಾಕ್ಟರ ಕಡೆ. ತೆರೇಸಾ ಮೇಲಿನ ಗೌರವಕ್ಕೂ ಇದಕ್ಕೂ ಸಂಬಂಧ ಇಲ್ಲ.

ಕಾರ್ಕಳದ ಅತ್ತೂರಿನ ಕಥೆಗೆ ಮಾತ್ರ ಡಾಕ್ಟರೂ ಬೇಡ, ವಕೀಲರೂ ಬೇಡ. ಪಾದ್ರಿಯೊಬ್ಬರು ಇಗರ್ಜಿ ಕಟ್ಟಲು ಜಾಗ ಹುಡುಕುತ್ತ, ಸಂತ ಲಾರೆನ್ಸರ ಮೂರ್ತಿ ಹೊತ್ತು ನಡೆದು ಸುಸ್ತಾಗಿ, ಒರತೆಯ ಪಕ್ಕ ಇಳಿಸಿದರಂತೆ. ಆಮೇಲೆ ಎತ್ತಿದರೆ ಮೂರ್ತಿ ಏಳಲೇ ಇಲ್ಲವಂತೆ. ಗೋಕರ್ಣದ ಆತ್ಮಲಿಂಗದ ಕಥೆ ಕೇಳಿ ಬೆಳೆದವರಿಗೆ ಇದು ಹೊಸದೇನಲ್ಲ. ನಮ್ಮ ಕರಾವಳಿಯಲ್ಲಿ ದೇವರು ನೆಲೆ ನಿಲ್ಲುವುದೇ ಹೀಗೆ. ಅತ್ತೂರಿನ ವರ್ಷದ ಹಬ್ಬ ಸಾಂತ್‌ಮಾರಿಗೆ ಮೊಂಬತ್ತಿ ಹಿಡಿದು ಬರುವವರಲ್ಲಿ ಎಲ್ಲ ಜಾತಿ, ಧರ್ಮದವರೂ ಇರುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಅವಶೇಷಗಳ ಲೆಕ್ಕ ಬೇರೆ. ಸಂತರ ಮೂಳೆ, ಬಟ್ಟೆ, ಅವಕ್ಕೆ ಮುಟ್ಟಿಸಿದ ಚೂರು, ಇವನ್ನು ಪರೀಕ್ಷಿಸುವುದು ಜಾಗದ ಪಹಣಿ ನೋಡಿದ ಹಾಗೆ. ಯಾರ ಕೈಯಿಂದ ಯಾರ ಕೈಗೆ ಬಂತು, ನಡುವೆ ಎಷ್ಟು ವರ್ಷ ಖಾಲಿ, ಇಷ್ಟೇ ಪ್ರಶ್ನೆ. ಗೋವಾದ ಸಂತ ಫ್ರಾನ್ಸಿಸ್ ಝೇವಿಯರ್ ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸು. 1552ರ ಡಿಸೆಂಬರಿನಲ್ಲಿ ಚೀನಾದ ದ್ವೀಪವೊಂದರಲ್ಲಿ ತೀರಿಕೊಂಡರು, ದೇಹ ಮರುವರ್ಷ ಮಲಾಕ್ಕಾಕ್ಕೆ, 1554ರಲ್ಲಿ ಗೋವಾಕ್ಕೆ ಬಂತು. 1614ರಲ್ಲಿ ಬಲ ಮುಂಗೈ ರೋಮಿಗೆ ಹೋಯಿತು. ಎಲ್ಲಕ್ಕೂ ಬರೆದಿಟ್ಟ ದಾಖಲೆ ಉಂಟು. ಹಾಗಾಗಿ ದೇಹ ಅವರದ್ದೇ. ಕೆಡದೆ ಉಳಿದಿದೆ ಅನ್ನುವುದು ಬೇರೆ ಪ್ರಶ್ನೆ. 2024ರ ಕೊನೆಗೆ ದರ್ಶನಕ್ಕಿಟ್ಟಾಗ ಇಲ್ಲಿಂದಲೂ ತುಂಬ ಜನ ಹೋಗಿ ಬಂದರು. ಕಂಡದ್ದು ಒಣಗಿ ಸಣ್ಣಗಾದ ದೇಹ.

ಇಟಲಿಯ ಟ್ಯೂರಿನ್ನಿನ ಹೆಣದ ಬಟ್ಟೆ ಫೇಲಾದದ್ದು ಇದೇ ಪರೀಕ್ಷೆಯಲ್ಲಿ. ಯೇಸುವಿನ ದೇಹಕ್ಕೆ ಸುತ್ತಿದ್ದು ಅಂತ ನಂಬುವ ಆ ಬಟ್ಟೆ ಚರಿತ್ರೆಯಲ್ಲಿ ಸ್ಪಷ್ಟವಾಗಿ ಕಾಣಿಸಿಕೊಳ್ಳುವುದೇ ಹದಿನಾಲ್ಕನೇ ಶತಮಾನದಲ್ಲಿ. ಇದು ಚಿತ್ರಕಾರನ ಕೈಚಳಕ ಅಂತ 1389ರಲ್ಲೇ ಫ್ರಾನ್ಸಿನ ಒಬ್ಬ ಬಿಷಪ್ ದೂರಿದ್ದರು. 1988ರಲ್ಲಿ ಆಕ್ಸ್‌ಫರ್ಡ್, ಝೂರಿಕ್, ಅರಿಝೋನಾದ ಮೂರು ಲ್ಯಾಬುಗಳು ಕಾರ್ಬನ್ ಪರೀಕ್ಷೆ ಮಾಡಿ, 1260ರಿಂದ 1390ರ ನಡುವಿನ ಬಟ್ಟೆ ಅಂದವು. ತಕರಾರು ತೆಗೆಯುವವರು ಈಗಲೂ ಇದ್ದಾರೆ. ಆದರೆ ಬಿಷಪರ ಕಾಗದ ಮತ್ತು ಲ್ಯಾಬಿನ ಲೆಕ್ಕ ಒಂದಕ್ಕೊಂದು ಇಷ್ಟು ಸರಿಯಾಗಿ ಕೂತ ಮೇಲೆ ನನಗೆ ಸಂಶಯ ಉಳಿದಿಲ್ಲ.

ಇದನ್ನೆಲ್ಲ ಪಕ್ಕದ ಮನೆಯ ಬಾಯಮ್ಮನಿಗೆ ಉತ್ಸಾಹದಿಂದ ಹೇಳಿದೆ. ಅವರ ಪರ್ಸಿನಲ್ಲಿ ಸಂತ ಅಂತೋನಿಯ ಕಾರ್ಡು ಯಾವಾಗಲೂ ಇರುತ್ತದೆ. ಅದರ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಬಟ್ಟೆ ಅಂಟಿಸಿದ್ದಾರೆ. ಸಂತರ ಅವಶೇಷಕ್ಕೆ ಮುಟ್ಟಿಸಿದ ಬಟ್ಟೆ, ಅಂದರೆ ಮೂರನೇ ದರ್ಜೆಯ ಅವಶೇಷ. ಬಾಯಮ್ಮ ಬಸಳೆ ಸೋಸುತ್ತ ಪೂರ್ತಿ ಕೇಳಿದರು.

"ಪರೀಕ್ಷೆಗೆ ಬಟ್ಟೆ ಕತ್ತರಿಸಿದರಾ?"

"ಹೌದು ಬಾಯಮ್ಮ. ಒಂದೊಂದು ಲ್ಯಾಬಿಗೆ ಸ್ಟಾಂಪಿನಷ್ಟು."

"ಅಷ್ಟು ಹಳೇ ಬಟ್ಟೆಗೆ ಕತ್ತರಿ ಹಾಕುವುದಾ! ಯಾರು ಮಾರಾಯ ಬಿಟ್ಟದ್ದು?"

ಪೋಪರೇ ಒಪ್ಪಿಗೆ ಕೊಟ್ಟದ್ದು ಅಂದೆ. ಆಮೇಲೆ ಅವರಿಗೆ ಪೋಪರ ಮೇಲೂ ಸ್ವಲ್ಪ ಸಿಟ್ಟು ಬಂತು.