ಸಾಯುವ ಮೊದಲೇ ಬರೆದಿಟ್ಟದ್ದು

ದೊಡ್ಡವರು ಯಾರಾದರೂ ತೀರಿಕೊಂಡ ಹತ್ತೇ ನಿಮಿಷಕ್ಕೆ ಅಷ್ಟುದ್ದದ ಲೇಖನ ಬಂದರೆ ಒಬ್ಬರಾದರೂ ಮೂಗು ಮುರಿಯುತ್ತಾರೆ: 'ಸಾಯೋದನ್ನೇ ಕಾಯ್ತಾ ಇದ್ರಾ?' ಹೌದು, ಬರೆದಿಟ್ಟುಕೊಂಡೇ ಕಾಯ್ತಾ ಇದ್ದರು. ನನಗಂತೂ ಅದರಲ್ಲಿ ತಪ್ಪು ಕಾಣುವುದಿಲ್ಲ. ಎಂಬತ್ತು ವರ್ಷದ ಬದುಕನ್ನು ರಾತ್ರೋರಾತ್ರಿ ಅರ್ಧ ಗಂಟೆಯಲ್ಲಿ ಗೀಚಿದರೆ ಇಸವಿ ತಪ್ಪುತ್ತದೆ, ಎರಡನೇ ಮದುವೆ ಬಿಟ್ಟುಹೋಗುತ್ತದೆ. ಅದಕ್ಕಿಂತ ಪುರುಸೊತ್ತಿನಲ್ಲಿ ಬರೆದು, ವಯಸ್ಸಿನ ಜಾಗ ಖಾಲಿ ಬಿಟ್ಟು, ಆಗಾಗ ತೆಗೆದು ತಿದ್ದುವುದು ವಾಸಿ ಅಲ್ವಾ?

ಕೆಲವು ಸಲ ಬರೆದವರೇ ಮೊದಲು ಹೋಗಿಬಿಡುತ್ತಾರೆ. 2011ರಲ್ಲಿ ಹಾಲಿವುಡ್ ನಟಿ ಎಲಿಜಬೆತ್ ಟೇಲರ್ ತೀರಿಕೊಂಡಾಗ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂದ ಬರಹ ಮೆಲ್ ಗಸ್ಸೋ ಅವರದು. ಅವರು 2005ರಲ್ಲೇ ತೀರಿಕೊಂಡಿದ್ದರು! ಪತ್ರಿಕೆ ಅವರ ಹೆಸರನ್ನು ಹಾಗೇ ಉಳಿಸಿಕೊಂಡಿತು. ನನಗೆ ಅದು ತುಂಬಾ ಹಿಡಿಸಿತು.

ಸೀಸದ ಅಚ್ಚಿನಿಂದ ಪತ್ರಿಕೆ ಮುದ್ರಿಸುತ್ತಿದ್ದ ಕಾಲದಲ್ಲಿ ಇದು ಇನ್ನೂ ಕಷ್ಟದ ಕೆಲಸ. ಲೈನೋಟೈಪ್ ಯಂತ್ರ ಒಂದೊಂದು ಸಾಲನ್ನೂ ಕರಗಿದ ಲೋಹದಲ್ಲಿ ಎರಕ ಹೊಯ್ಯುತ್ತಿತ್ತು, ಹಾಗಾಗಿ 78 ಅನ್ನು 79 ಮಾಡಬೇಕೆಂದರೂ ಇಡೀ ಸಾಲನ್ನೇ ಹೊಸದಾಗಿ ಹೊಯ್ಯಬೇಕು. ಅದಕ್ಕೂ ಹಳೆಯ ಒಂದು ರೂಢಿ ನನಗೆ ಬಹಳ ಇಷ್ಟ. ಎರಡು ಕಾಲಂ ನಡುವಿನ ಗೆರೆ ಅಂದರೆ ಲೋಹದ ಒಂದು ಪಟ್ಟಿ, ಮೇಲಂಚು ತೆಳು, ಬುಡ ದಪ್ಪ. ದೊಡ್ಡ ಸಾವಾದರೆ ಕಂಪೋಸಿಟರ್, ಅಂದರೆ ಅಚ್ಚುಮೊಳೆ ಜೋಡಿಸುವವನು, ಆ ಪಟ್ಟಿಯನ್ನು ತಲೆಕೆಳಗೆ ಕೂರಿಸುತ್ತಿದ್ದ, ಪುಟದ ಉದ್ದಕ್ಕೂ ದಪ್ಪ ಕಪ್ಪು ಗೆರೆ ಬೀಳುತ್ತಿತ್ತು. 1865ರಲ್ಲಿ ಲಿಂಕನ್ ಹತ್ಯೆಯಾದಾಗ ಅಮೆರಿಕದ ಪತ್ರಿಕೆಗಳು ಹೀಗೇ ಬಂದವು. ಬೇರೆ ಸಾಮಾನು ಬೇಡ, ಇದ್ದದ್ದನ್ನೇ ತಿರುಗಿಸಿದರೆ ಸೂತಕ.

ನ್ಯೂಯಾರ್ಕ್ ಟೈಮ್ಸ್ 1978ರ ಜುಲೈನಲ್ಲಿ ಸೀಸ ಬಿಟ್ಟು ಕಂಪ್ಯೂಟರಿಗೆ ಬಂತು. ತಿದ್ದುವುದು ಸಲೀಸಾಯಿತು, ಎಡವಟ್ಟೂ ಸಲೀಸಾಯಿತು. 2008ರಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ ಬದುಕಿದ್ದ ಸ್ಟೀವ್ ಜಾಬ್ಸ್ ಅವರ ನಿಧನ ಬರಹವನ್ನು ಅಪ್ಪಿತಪ್ಪಿ ಹೊರಬಿಟ್ಟಿತು. ಸೀಸದ ಕಾಲದಲ್ಲಾದರೆ ಕಂಪೋಸಿಟರ್, ಪ್ರೂಫ್ ನೋಡುವವರು, ಮುದ್ರಕರು ಎಲ್ಲರ ಕೈ ದಾಟಬೇಕಿತ್ತು, ಯಾರಾದರೊಬ್ಬರು 'ರೀ, ಇವರು ಇನ್ನೂ ಇದ್ದಾರಲ್ಲ' ಅನ್ನುತ್ತಿದ್ದರೇನೋ. ಹಾಗಂತ ಆಗ ತಪ್ಪೇ ಆಗಲಿಲ್ಲ ಅಂತಲ್ಲ. 1940ರಲ್ಲಿ ಕಪ್ಪು ಜನರ ನಾಯಕ ಮಾರ್ಕಸ್ ಗಾರ್ವಿ ತಮ್ಮ ಸಾವಿನ ಸುದ್ದಿಯನ್ನು ತಾವೇ ಓದಿದರು, ಕೆಲವೇ ವಾರದಲ್ಲಿ ನಿಜಕ್ಕೂ ತೀರಿಕೊಂಡರು. ಆದರೆ ಅಲ್ಲಿ ಬಂದ ಸುದ್ದಿಯೇ ಸುಳ್ಳು. ಈಗ ಯಾರೂ ಸುಳ್ಳು ಹೇಳಬೇಕಿಲ್ಲ, ಸುಮ್ನೆ ಒಂದು ಗುಂಡಿ ಒತ್ತಿದರೆ ಸಾಕು.

2020ರ ನವೆಂಬರಿನಲ್ಲಿ ಫ್ರಾನ್ಸಿನ ಆರ್‌ಎಫ್‌ಐ ರೇಡಿಯೊದ ವೆಬ್‌ಸೈಟ್ ಹೊಸ ವ್ಯವಸ್ಥೆಗೆ ಬದಲಾಗುವಾಗ ಸುಮಾರು ನೂರು ಜನರನ್ನು ಒಟ್ಟಿಗೇ ಸಾಯಿಸಿಬಿಟ್ಟಿತು. ಆ ಪಟ್ಟಿಯಲ್ಲಿದ್ದ ರಾಣಿ ಎಲಿಜಬೆತ್, ಪೆಲೆ ಇಬ್ಬರೂ 2022ರಲ್ಲಿ ತೀರಿಕೊಂಡರು. ಅದೇ ಫೈಲು ತೆಗೆದು ವಯಸ್ಸಿಗೆ ಎರಡು ಸೇರಿಸಿದರೋ ಏನೋ.